ಟಿ.ಎ. ಚಿಕಿತ್ಸೆ, ಟಿ.ಎ. ತರಬೇತಿ: ಸಂಶೋಧನೆಯನ್ನು ಮುಂದಿಟ್ಟುಕೊಂಡು ಆರಿಸುವವರಿಗೆ

ಟ್ರಾನ್ಸಾಕ್ಷನಲ್ ಅನಾಲಿಸಿಸ್, ಅಂದರೆ ಟಿ.ಎ. ಎಂದೇ ಎಲ್ಲರ ಬಾಯಲ್ಲಿ ಓಡಾಡುವ ಪದ್ಧತಿ, ಬೆಂಗಳೂರಿನಲ್ಲಿ ಮೂರು ಬಗೆಯ ಜನರಿಗೆ ಎದುರಾಗುತ್ತದೆ. ತಿಂಗಳುಗಟ್ಟಲೆ ಮನಸ್ಸಿಗೆ ಮಂಕು ಕವಿದು, ಕೊನೆಗೆ ಯಾರನ್ನಾದರೂ ಕಾಣೋಣವೆಂದು ಹುಡುಕುತ್ತಿರುವವರು ಒಬ್ಬರು. ಹೊರವರ್ತುಲ ರಸ್ತೆಯ ಯಾವುದೋ ಕಂಪನಿಯಲ್ಲಿ ತಂಡದೊಳಗಿನ ಕಿರಿಕಿರಿ ಕಡಿಮೆ ಮಾಡಲು ಎರಡು ದಿನದ ಕಾರ್ಯಾಗಾರ ಏರ್ಪಡಿಸಬೇಕಾದ ಎಚ್.ಆರ್. ವಿಭಾಗದವರು ಇನ್ನೊಬ್ಬರು. ಇದ್ದ ಕೆಲಸ ಬಿಟ್ಟು ಆಪ್ತ ಸಮಾಲೋಚಕರಾಗಲು ಹೊರಟಿರುವವರು ಮೂರನೆಯವರು. ಮೂವರೂ ಕೇಳುವುದು ಒಂದೇ ಪ್ರಶ್ನೆ: ಟಿ.ಎ.ಯಿಂದ ಪ್ರಯೋಜನವಿದೆಯೇ? ಆದರೆ ಸಂಶೋಧನೆ ಮೂವರಿಗೂ ಒಂದೇ ಉತ್ತರ ಕೊಡುವುದಿಲ್ಲ. ಚಿಕಿತ್ಸೆಯ ಬಗ್ಗೆ ದೊರೆತ ಪುರಾವೆಯನ್ನು ಕಾರ್ಯಾಗಾರದ ಜಾಹೀರಾತಿಗೆ ಅಂಟಿಸುವುದು, ಕಾರ್ಯಾಗಾರದ ಕೊನೆಯಲ್ಲಿ ಸಿಕ್ಕ ಮೆಚ್ಚುಗೆಯ ಮಾತುಗಳನ್ನು ಚಿಕಿತ್ಸೆಗೆ ಸಾಕ್ಷಿಯೆಂದು ತೋರಿಸುವುದು, ಇವೆರಡೂ ಈ ಕ್ಷೇತ್ರದಲ್ಲಿ ತೀರಾ ಸಾಮಾನ್ಯ. ಆದ್ದರಿಂದ ಇಲ್ಲಿ ಎರಡನ್ನೂ ಬೇರೆಬೇರೆಯಾಗಿಯೇ ತೂಗಿ ನೋಡಲಾಗಿದೆ.

ಪದ್ಧತಿಯ ಪರಿಚಯ ಇಲ್ಲದವರಿಗಾಗಿ ನಾಲ್ಕು ಮಾತು. 1910ರಲ್ಲಿ ಕೆನಡಾದ ಮಾಂಟ್ರಿಯಲ್‌ನಲ್ಲಿ ಹುಟ್ಟಿ, ಮುಂದೆ ಕ್ಯಾಲಿಫೋರ್ನಿಯಾದಲ್ಲಿ ವೃತ್ತಿ ನಡೆಸಿದ ಮನೋವೈದ್ಯ ಎರಿಕ್ ಬರ್ನ್ ಇದನ್ನು 1950ರ ದಶಕದ ಕೊನೆಯ ಹೊತ್ತಿಗೆ ರೂಪಿಸಿದರು. ಪ್ರತಿಯೊಬ್ಬರೊಳಗೂ ಪೋಷಕ, ವಯಸ್ಕ, ಮಗು ಎಂಬ ಮೂರು ಅಹಂ ಸ್ಥಿತಿಗಳಿರುತ್ತವೆ, ಮಾತುಕತೆ ನಡೆಯುವುದು ಈ ಸ್ಥಿತಿಗಳ ನಡುವೆ ಎಂಬುದು ಅದರ ಅಡಿಪಾಯ. ಬಸವನಗುಡಿಯ ಮನೆಯೊಂದರಲ್ಲಿ ಗಂಡ "ಗ್ಯಾಸ್ ಬುಕ್ ಮಾಡಿದ್ಯಾ?" ಎಂದು ಕೇಳುತ್ತಾನೆ ಎಂದಿಟ್ಟುಕೊಳ್ಳಿ. "ಎಲ್ಲಾ ನಾನೇ ನೆನಪಿಟ್ಕೋಬೇಕಾ?" ಎಂದು ಹೆಂಡತಿಯ ಉತ್ತರ. "ಬರೀ ಕೇಳಿದೆ ಅಷ್ಟೇ." "ನಿಮ್ಮಮ್ಮ ಕೇಳೋದೂ ಹೀಗೇ." ಪ್ರಶ್ನೆ ಹೊರಟದ್ದು ವಯಸ್ಕ ಸ್ಥಿತಿಯಿಂದ ವಯಸ್ಕ ಸ್ಥಿತಿಗೆ; ಉತ್ತರ ಬಂದದ್ದು ಗದರಿಸಿಕೊಂಡ ಮಗುವಿನಿಂದ ಗದರಿಸುವ ಪೋಷಕರಿಗೆ. ಗೆರೆಗಳು ಒಂದನ್ನೊಂದು ಅಡ್ಡ ಹಾಯ್ದವು, ಗ್ಯಾಸಿನ ಮಾತು ಅಲ್ಲಿಗೇ ನಿಂತಿತು. ಹೀಗೆ ಸುಲಭವಾಗಿ ಚಿತ್ರ ಬರೆದು ತೋರಿಸಬಹುದಾದ್ದರಿಂದಲೇ ಟಿ.ಎ. ಆಸ್ಪತ್ರೆಯಿಂದ ಹೊರಬಿದ್ದು ಶಾಲೆ, ಕಚೇರಿ, ವಿಮಾನ ಸಂಸ್ಥೆಗಳವರೆಗೆ ಹರಡಿತು. ಅಮೆರಿಕನ್ ಏರ್‌ಲೈನ್ಸ್ 1970ರ ದಶಕದಲ್ಲಿ ತನ್ನ ಸಿಬ್ಬಂದಿಗೆ ಟಿ.ಎ. ಆಧಾರಿತ ತರಬೇತಿ ಕೊಟ್ಟಿತ್ತು. ಆದರೆ ಅರ್ಥವಾಗುವುದು ಸುಲಭ ಎಂಬುದು ಪರಿಣಾಮಕಾರಿ ಎಂಬುದಕ್ಕೆ ಪುರಾವೆಯಲ್ಲ. ಆ ಪುರಾವೆಯನ್ನು ಬೇರೆಡೆ ಹುಡುಕಬೇಕು.

ಚಿಕಿತ್ಸೆಯ ಪುರಾವೆ: ಎಷ್ಟಿದೆ, ಎಂಥದ್ದು

ಹಳೆಯ ಲೆಕ್ಕದಿಂದಲೇ ಆರಂಭಿಸುವುದು ಒಳ್ಳೆಯದು. ಮೇರಿ ಲೀ ಸ್ಮಿತ್ ಮತ್ತು ಜೀನ್ ಗ್ಲಾಸ್ 1977ರಲ್ಲಿ 375 ಮನೋಚಿಕಿತ್ಸಾ ಅಧ್ಯಯನಗಳ ಫಲಿತಾಂಶಗಳನ್ನು ಒಟ್ಟುಗೂಡಿಸಿದರು. ಚಿಕಿತ್ಸೆ ಪಡೆದವರು ಪಡೆಯದವರಿಗಿಂತ ಎಷ್ಟು ಮುಂದಿದ್ದಾರೆ ಎಂಬುದನ್ನು ಹೇಳುವ ಪರಿಣಾಮದ ಗಾತ್ರ ಒಟ್ಟಾರೆಯಾಗಿ 0.68 ಬಂತು. ಅಂದರೆ ಚಿಕಿತ್ಸೆ ಪಡೆದ ಸರಾಸರಿ ವ್ಯಕ್ತಿ, ಪಡೆಯದ ನೂರು ಜನರಲ್ಲಿ ಎಪ್ಪತ್ತೈದು ಜನರಿಗಿಂತ ಮೇಲಿರುತ್ತಾನೆ. ಅದೇ ಪಟ್ಟಿಯಲ್ಲಿ ಟಿ.ಎ.ಗೆ ಸಿಕ್ಕಿದ್ದು 0.58, ಮನೋವಿಶ್ಲೇಷಣೆಯ ನೆರಳಿನಲ್ಲಿ ಬೆಳೆದ ಚಿಕಿತ್ಸೆಗಳಿಗೆ 0.59, ಗೆಸ್ಟಾಲ್ಟ್ ಎಂಬ ಇನ್ನೊಂದು ಮನೋಚಿಕಿತ್ಸೆಗೆ 0.26, ಭಯದ ವಸ್ತುವಿಗೆ ಹಂತಹಂತವಾಗಿ ಒಗ್ಗಿಸುವ ವರ್ತನಾ ಚಿಕಿತ್ಸೆಗೆ 0.91. ಅಂಕಿಗಳನ್ನು ಪರೀಕ್ಷೆಯ ರ‍್ಯಾಂಕ್‌ನಂತೆ ಓದಬಾರದು, ಏಕೆಂದರೆ ಈ ಅಧ್ಯಯನಗಳಲ್ಲಿದ್ದ ರೋಗಿಗಳು ಬೇರೆ, ತೊಂದರೆಗಳು ಬೇರೆ, ಅಳತೆಗೋಲುಗಳೂ ಬೇರೆ. ಹಾವು ಕಂಡರೆ ಹೆದರುವವನ ಭಯ ಇಳಿಸುವುದನ್ನು, ಇಪ್ಪತ್ತು ವರ್ಷದಿಂದ ಎಲ್ಲ ಸಂಬಂಧಗಳಲ್ಲೂ ಎಡವುತ್ತಿರುವವನ ಬದುಕು ನೇರ್ಪಡಿಸುವುದರ ಪಕ್ಕದಲ್ಲಿಟ್ಟು ಅಂಕ ಕೊಟ್ಟರೆ ಮೊದಲನೆಯದೇ ಗೆಲ್ಲುತ್ತದೆ. ಆದರೂ ಏನೂ ಮಾಡದೆ ಇರುವುದಕ್ಕಿಂತ ಟಿ.ಎ. ಸ್ಪಷ್ಟವಾಗಿ ಮೇಲು ಎಂಬುದು ಅಂದೇ ಕಂಡಿತ್ತು.

ಇದಕ್ಕಿಂತ ಹೆಚ್ಚು ಗಮನಿಸಬೇಕಾದದ್ದು, ನನ್ನ ಮಟ್ಟಿಗೆ, ಕಾರ್ಲ್ ಜೆಸ್ನೆಸ್ ಅವರು 1975ರಲ್ಲಿ ಪ್ರಕಟಿಸಿದ ಅಧ್ಯಯನ. ಟಿ.ಎ. ಪರ ಮಾತನಾಡುವವರು ಇದರ ಅರ್ಧವನ್ನಷ್ಟೇ ಹೇಳುತ್ತಾರೆ, ವಿರೋಧಿಸುವವರು ಇನ್ನರ್ಧವನ್ನು. ಕ್ಯಾಲಿಫೋರ್ನಿಯಾದ ಸ್ಟಾಕ್‌ಟನ್ ಬಳಿ ಕಾನೂನಿನ ತೊಡಕಿಗೆ ಸಿಕ್ಕಿದ ಹದಿಹರೆಯದ ಹುಡುಗರಿಗಾಗಿ ಎರಡು ವಸತಿ ಶಾಲೆಗಳಿದ್ದವು. ಒಂದರಲ್ಲಿ ಸಿಬ್ಬಂದಿಗೆಲ್ಲ ಟಿ.ಎ. ಕಲಿಸಿ, ಹುಡುಗರನ್ನು ಸಣ್ಣ ಗುಂಪುಗಳಲ್ಲಿ ಕೂರಿಸಿ ಆ ಪದ್ಧತಿಯಂತೆ ನಡೆಸಿದರು. ಇನ್ನೊಂದರಲ್ಲಿ ಒಳ್ಳೆಯ ನಡತೆಗೆ ಅಂಕ, ಅಂಕಕ್ಕೆ ಸವಲತ್ತು ಎಂಬ ವರ್ತನಾ ಪರಿವರ್ತನೆಯ ಕ್ರಮ. ಯಾವ ಹುಡುಗ ಯಾವ ಶಾಲೆಗೆ ಹೋಗಬೇಕೆಂಬುದನ್ನು ಅಧಿಕಾರಿಗಳ ಇಷ್ಟಕ್ಕೆ ಬಿಡದೆ ಚೀಟಿ ಎತ್ತಿದಂತೆ ಯಾದೃಚ್ಛಿಕವಾಗಿ ನಿರ್ಧರಿಸಲಾಯಿತು. ಸುಮಾರು ಒಂಬೈನೂರು ಹುಡುಗರ ಮೇಲೆ ನಡೆದ ಇಂಥ ನೇರ ಹೋಲಿಕೆ ಮನೋಚಿಕಿತ್ಸೆಯ ಇತಿಹಾಸದಲ್ಲಿಯೇ ಅಪರೂಪ. ಹುಡುಗರು ತಮ್ಮ ಬಗ್ಗೆ ತಾವೇ ತುಂಬಿದ ಪ್ರಶ್ನಾವಳಿಗಳಲ್ಲಿ ಟಿ.ಎ. ಶಾಲೆ ಮುಂದೆ ಬಂತು. ಹೊರಗಿನಿಂದ ನೋಡಿ ನಡತೆಗೆ ಅಂಕ ಕೊಟ್ಟಾಗ ವರ್ತನಾ ಪರಿವರ್ತನೆಯ ಶಾಲೆ ಮುಂದೆ ಬಂತು. ಬಿಡುಗಡೆಯಾಗಿ ವರ್ಷದೊಳಗೆ ಮತ್ತೆ ಸಿಕ್ಕಿಬಿದ್ದವರ ಪ್ರಮಾಣ ಎರಡೂ ಕಡೆ ಹೆಚ್ಚುಕಡಿಮೆ ಒಂದೇ, ಮೂರನೆಯ ಒಂದು ಭಾಗದಷ್ಟು. ಅದೇ ಕಾಲದಲ್ಲಿ ಅದೇ ವಯಸ್ಸಿನ ಹುಡುಗರಿದ್ದ ಇತರ ಸಂಸ್ಥೆಗಳಿಗಿಂತ ಈ ಎರಡೂ ಶಾಲೆಗಳ ಫಲಿತಾಂಶ ಉತ್ತಮವಾಗಿತ್ತು. ಟಿ.ಎ. ಸಂಶೋಧನೆಯಲ್ಲಿ ಮುಂದೆ ಬಂದ ಬಹುತೇಕ ಫಲಿತಾಂಶಗಳ ಚಹರೆ ಇದರಲ್ಲೇ ಇದೆ: ವ್ಯವಸ್ಥಿತವಾಗಿ ಮಾಡಿದ ಯಾವುದಾದರೂ ಪದ್ಧತಿ ಏನೂ ಇಲ್ಲದ್ದಕ್ಕಿಂತ ಮೇಲು, ಎರಡು ವ್ಯವಸ್ಥಿತ ಪದ್ಧತಿಗಳ ನಡುವಿನ ಅಂತರ ಸಣ್ಣದು, ಯಾವುದು ಗೆದ್ದಿತು ಎಂಬುದು ಯಾವುದನ್ನು ಅಳೆದಿರಿ ಎಂಬುದರ ಮೇಲೆ ನಿಂತಿದೆ.

ವ್ಯಕ್ತಿತ್ವ ದೋಷವೆಂದು ಗುರುತಿಸಲಾಗುವ ಗಟ್ಟಿ ತೊಂದರೆಗಳ ವಿಷಯದಲ್ಲಿ ನೆದರ್ಲೆಂಡ್ಸ್‌ನಿಂದ ಒಂದು ಮುಖ್ಯ ಅಧ್ಯಯನ ಬಂದಿದೆ. ಅಲ್ಲಿನ ಚಿಕಿತ್ಸಾ ಕೇಂದ್ರವೊಂದರಲ್ಲಿ ರೋಗಿಗಳು ಮೂರು ತಿಂಗಳು ಒಳರೋಗಿಗಳಾಗಿದ್ದು ಟಿ.ಎ. ಆಧಾರಿತ ಚಿಕಿತ್ಸೆ ಪಡೆಯುತ್ತಿದ್ದರು. ಅಂಥ 67 ಜನರನ್ನು, ಅವರಂಥದೇ ತೊಂದರೆಯಿದ್ದು ಬೇರೆ ಮನೋಚಿಕಿತ್ಸೆ ಪಡೆದ 67 ಜನರೊಡನೆ ಜೋಡಿ ಮಾಡಿ, ಮೂರು ವರ್ಷಗಳವರೆಗೆ ಹಿಂಬಾಲಿಸಿ, 2015ರಲ್ಲಿ ಫಲಿತಾಂಶ ಪ್ರಕಟಿಸಿದರು. ಲಕ್ಷಣಗಳಿಂದ ಚೇತರಿಸಿಕೊಂಡವರು ಟಿ.ಎ. ಗುಂಪಿನಲ್ಲಿ ಶೇ 68, ಇನ್ನೊಂದರಲ್ಲಿ ಶೇ 48. ಟಿ.ಎ. ಬೇರೆ ಚಿಕಿತ್ಸೆಯನ್ನು ಹಿಂದಿಕ್ಕಿದ ಉದಾಹರಣೆಯೆಂದು ಇದನ್ನು ತೋರಿಸುವುದು ನ್ಯಾಯವೇ. ಆದರೆ ಇಲ್ಲಿ ಚೀಟಿ ಎತ್ತಿರಲಿಲ್ಲ, ಆಮೇಲೆ ಜೋಡಿ ಮಾಡಿದ್ದು. ಜೊತೆಗೆ, ಹಗಲೂ ರಾತ್ರಿ ಅಲ್ಲೇ ಇದ್ದು ಪಡೆಯುವ ತೀವ್ರ ಚಿಕಿತ್ಸೆಗೂ, ಶನಿವಾರ ಸಂಜೆ ಇಂದಿರಾನಗರದ ಒಂದು ಕೋಣೆಯಲ್ಲಿ ಐವತ್ತು ನಿಮಿಷ ಕೂತು ಬರುವುದಕ್ಕೂ ಬಹಳ ದೂರ. ಆ ಶೇ 68ನ್ನು ವಾರಕ್ಕೊಮ್ಮೆಯ ಸಮಾಲೋಚನೆಯ ಕರಪತ್ರದಲ್ಲಿ ಕಂಡರೆ ಅನುಮಾನಿಸಿ.

ಖಿನ್ನತೆಯ ಬಗ್ಗೆ ಬ್ರಿಟನ್ನಿನ ಮಾರ್ಕ್ ವಿಡೋಸನ್ ಮಾಡಿದ ಕೆಲಸ ಬೇರೆ ಜಾತಿಯದು. ಅವರು ಒಬ್ಬೊಬ್ಬ ವ್ಯಕ್ತಿಯ ಚಿಕಿತ್ಸೆಯನ್ನೇ ಕೂಲಂಕಷವಾಗಿ ಪರಿಶೀಲಿಸುವ ವಿಧಾನ ಹಿಡಿದರು. ವಾರವಾರದ ಪ್ರಶ್ನಾವಳಿಗಳು, ಸಂದರ್ಶನ, ಟಿಪ್ಪಣಿಗಳನ್ನೆಲ್ಲ ಒಂದೆಡೆ ಇಟ್ಟು, ಸುಧಾರಣೆ ಚಿಕಿತ್ಸೆಯಿಂದಲೇ ಆಯಿತು ಎಂದು ಒಂದು ವಾದ, ಬೇರೆ ಕಾರಣದಿಂದ ಆಯಿತು ಎಂದು ಇನ್ನೊಂದು ವಾದ ಮಂಡಿಸಿ, ಹೊರಗಿನ ತೀರ್ಪುಗಾರರಿಗೆ ಒಪ್ಪಿಸುವುದು ಅದರ ಕ್ರಮ. 2012ರಿಂದ ಪ್ರಕಟವಾದ ಆ ಪ್ರಕರಣಗಳಲ್ಲಿ ಹೆಚ್ಚಿನವು ಒಳ್ಳೆಯ ಫಲ ಕಂಡವು. ಒಂದನ್ನು ಶೀರ್ಷಿಕೆಯಲ್ಲೇ ಮಿಶ್ರ ಫಲದ ಪ್ರಕರಣ ಎಂದು ಒಪ್ಪಿಕೊಳ್ಳಲಾಗಿದೆ. ಸೋಲನ್ನೂ ಅಚ್ಚು ಹಾಕಿಸುವ ಸಂಶೋಧಕರ ಗೆಲುವನ್ನು ನಂಬುವುದು ಸುಲಭ.

ಇವೆಲ್ಲವನ್ನೂ ಒಟ್ಟಿಗೆ ನೋಡಿದ ದೊಡ್ಡ ಪ್ರಯತ್ನ ಜೋಯಲ್ ವೋಸ್ ಮತ್ತು ಬಿಲ್ಯಾನಾ ವಾನ್ ರೈನ್ ಅವರ ಮೆಟಾ-ಅನಾಲಿಸಿಸ್, ಅಂದರೆ ಅನೇಕ ಅಧ್ಯಯನಗಳ ಅಂಕಿಗಳನ್ನು ಕೂಡಿಸಿ ಲೆಕ್ಕ ಹಾಕುವ ವಿಶ್ಲೇಷಣೆ. 41 ಚಿಕಿತ್ಸಾ ಪ್ರಯೋಗಗಳನ್ನು ಪರಿಶೀಲಿಸಿ, ಮಾನಸಿಕ ಲಕ್ಷಣಗಳು, ಸಾಮಾಜಿಕ ನಿರ್ವಹಣೆ, ಆತ್ಮವಿಶ್ವಾಸ ಮುಂತಾದವುಗಳ ಮೇಲೆ ಟಿ.ಎ. ಮಧ್ಯಮದಿಂದ ದೊಡ್ಡ ಮಟ್ಟದ ಪರಿಣಾಮ ಬೀರುತ್ತದೆ ಎಂದು ಅವರು ಹೇಳಿದ್ದಾರೆ. ಇದು ಟಿ.ಎ.ಗೆ ದೊರೆತ ಅತಿ ಗಟ್ಟಿ ಬೆಂಬಲ. ಓದುವಾಗ ಎರಡು ಸಂಗತಿ ನೆನಪಿರಲಿ. ಮೊದಲನೆಯದು, ಟಿ.ಎ. ಕುರಿತ ಇತ್ತೀಚಿನ ಪ್ರಯೋಗಗಳಲ್ಲಿ ಇರಾನ್ ಮತ್ತು ಟರ್ಕಿಯಲ್ಲಿ ಸಣ್ಣ ಗುಂಪುಗಳ ಮೇಲೆ ನಡೆದವು ಸಾಕಷ್ಟಿವೆ, ಮತ್ತು ಹೋಲಿಕೆಯ ಗುಂಪಿಗೆ ಅನೇಕ ಸಲ ಏನನ್ನೂ ಕೊಟ್ಟಿರುವುದಿಲ್ಲ. ಎರಡನೆಯದು, ತಾನು ನಂಬಿದ ಪದ್ಧತಿಯನ್ನು ತಾನೇ ಪರೀಕ್ಷಿಸುವವನಿಗೆ ಫಲಿತಾಂಶ ಅನುಕೂಲಕರವಾಗಿಯೇ ಬರುವ ಒಲವು ಮನೋಚಿಕಿತ್ಸೆಯ ಸಂಶೋಧನೆಯಲ್ಲೆಲ್ಲ ದಾಖಲಾಗಿದೆ, ಟಿ.ಎ. ಮೇಲೆ ಸಂಶೋಧನೆ ಮಾಡುವವರಲ್ಲಿ ಬಹುಪಾಲು ಟಿ.ಎ.ಯವರೇ. ಹೆತ್ತವರಿಗೆ ಹೆಗ್ಗಣ ಮುದ್ದು ಎಂದು ಪಕ್ಕಕ್ಕೆ ತಳ್ಳಬೇಕಾಗಿಲ್ಲ, ಆದರೆ ಅಂಕಿಯಿಂದ ಸ್ವಲ್ಪ ಕಳೆದು ಓದಿಕೊಳ್ಳುವುದು ಜಾಣತನ.

ಸಿ.ಬಿ.ಟಿ. ಪಕ್ಕದಲ್ಲಿ ಇಟ್ಟು ನೋಡಿದರೆ

ಬೆಂಗಳೂರಿನಲ್ಲಿ ಟಿ.ಎ.ಗೆ ಎದುರಾಗಿ ನಿಲ್ಲುವ ಆಯ್ಕೆ ಸಾಮಾನ್ಯವಾಗಿ ಸಿ.ಬಿ.ಟಿ., ಅಂದರೆ ಆಲೋಚನೆ ಮತ್ತು ವರ್ತನೆಯನ್ನು ತಿದ್ದುವ ಚಿಕಿತ್ಸೆ. ಪುರಾವೆಯ ರಾಶಿಯನ್ನಷ್ಟೇ ನೋಡಿದರೆ ಇದು ಜೋಡಿಯೇ ಅಲ್ಲ. ಖಿನ್ನತೆಗೆ ಸಿ.ಬಿ.ಟಿ. ಕುರಿತು 2023ರಲ್ಲಿ ಪ್ರಕಟವಾದ ಒಂದೇ ವಿಶ್ಲೇಷಣೆಯಲ್ಲಿ 409 ಪ್ರಯೋಗಗಳು, 52,702 ರೋಗಿಗಳು. ಟಿ.ಎ.ಯ 41 ಅದರ ಹತ್ತನೆಯ ಒಂದು ಭಾಗ, ಅದೂ ಎಲ್ಲ ತೊಂದರೆಗಳನ್ನು ಸೇರಿಸಿ. ಬ್ರಿಟನ್ನಿನ ರಾಷ್ಟ್ರೀಯ ಮಾರ್ಗಸೂಚಿಯಲ್ಲಿ ಖಿನ್ನತೆಗೆ ಶಿಫಾರಸಾದ ಚಿಕಿತ್ಸೆಗಳ ಪಟ್ಟಿಯಲ್ಲಿ ಟಿ.ಎ. ಹೆಸರಿಲ್ಲ. ಇಷ್ಟು ಕೇಳಿದವರು ತಕ್ಕಡಿ ಸಿ.ಬಿ.ಟಿ. ಕಡೆ ವಾಲಿಯೇ ಬಿಟ್ಟಿತು ಎನ್ನಬಹುದು. ಆದರೆ ಅದೇ 2023ರ ವಿಶ್ಲೇಷಣೆ ಸಿ.ಬಿ.ಟಿ.ಯನ್ನು ಬೇರೆ ಮನೋಚಿಕಿತ್ಸೆಗಳೊಡನೆ ಹೋಲಿಸಿದಾಗ ಪರಿಣಾಮದ ಗಾತ್ರದಲ್ಲಿ ಸಿಕ್ಕ ಅಂತರ ಬರೀ 0.06. ಅಷ್ಟು ಸಣ್ಣ ಅಂತರ ರೋಗಿಯ ಬದುಕಿನಲ್ಲಿ ಗೊತ್ತಾಗುವಂಥದ್ದಲ್ಲ. ಹೆಚ್ಚು ಪರೀಕ್ಷೆಗೆ ಒಳಗಾಗಿದೆ ಎಂಬುದು ಬೇರೆ, ಹೆಚ್ಚು ಗುಣ ಕೊಡುತ್ತದೆ ಎಂಬುದು ಬೇರೆ. ಮೊದಲನೆಯದರಲ್ಲಿ ಸಿ.ಬಿ.ಟಿ. ಬಹಳ ಮುಂದಿದೆ, ಎರಡನೆಯದರಲ್ಲಿ, ಖಿನ್ನತೆಯ ಮಟ್ಟಿಗೆ, ಅಷ್ಟು ಮುಂದಿಲ್ಲ.

ಚಿಕಿತ್ಸಕರಿಗೂ ಚಿಕಿತ್ಸೆ ಪಡೆಯುವವರಿಗೂ ನಡುವೆ ಏರ್ಪಡುವ ವಿಶ್ವಾಸ ಮತ್ತು ಗುರಿಯ ಬಗೆಗಿನ ಒಮ್ಮತಕ್ಕೂ ಫಲಿತಾಂಶಕ್ಕೂ ಇರುವ ನಂಟನ್ನು 295 ಅಧ್ಯಯನಗಳಿಂದ ಲೆಕ್ಕ ಹಾಕಿದ 2018ರ ಮೆಟಾ-ಅನಾಲಿಸಿಸ್ ಒಂದಿದೆ. ಸೊನ್ನೆ ಎಂದರೆ ನಂಟೇ ಇಲ್ಲ, ಒಂದು ಎಂದರೆ ಪೂರ್ತಿ ನಂಟು ಎಂಬ ಅಳತೆಯಲ್ಲಿ ಈ ಸಂಬಂಧದ ಪ್ರಮಾಣ 0.28ರ ಆಸುಪಾಸು, ಚಿಕಿತ್ಸೆಯ ಹೆಸರು ಯಾವುದಾದರೂ ಇದು ಬದಲಾಗದು. ಕೇಳಲು ದೊಡ್ಡದೆನಿಸದಿದ್ದರೂ, ಖಿನ್ನತೆಗೆ ಬಳಸುವ ಒಂದು ಪದ್ಧತಿಗೂ ಇನ್ನೊಂದಕ್ಕೂ ಇರುವ ಅಂತರಕ್ಕಿಂತ ಇದು ಹೆಚ್ಚು. ಆದ್ದರಿಂದ ಸಾಧಾರಣ ಖಿನ್ನತೆ, ಆತಂಕ, ಸಂಬಂಧಗಳ ಬಿಕ್ಕಟ್ಟು ಇವುಗಳಿಗಾಗಿ ಹುಡುಕುತ್ತಿರುವವರು ಟಿ.ಎ.ಯೋ ಸಿ.ಬಿ.ಟಿ.ಯೋ ಎಂದು ತಲೆ ಕೆಡಿಸಿಕೊಳ್ಳುವ ಸಮಯದಲ್ಲಿ ಅರ್ಧವನ್ನು, ಎದುರಿಗೆ ಕೂರುವ ವ್ಯಕ್ತಿ ಯಾರು ಎಂಬುದನ್ನು ತಿಳಿಯಲು ಬಳಸುವುದು ಲಾಭದಾಯಕ. ಅವರೊಡನೆ ಕನ್ನಡದಲ್ಲಿ ಮಾತನಾಡಬಹುದೇ ಎಂಬುದೂ ಇಲ್ಲಿ ಸಣ್ಣ ವಿಷಯವಲ್ಲ. ಅಪ್ಪ ಬೈದದ್ದು ಯಾವ ಭಾಷೆಯಲ್ಲೋ ಆ ಭಾಷೆಯಲ್ಲಿ ಅದನ್ನು ಹೇಳಿಕೊಂಡಾಗ ಬರುವ ಮಾತು ಇಂಗ್ಲಿಷಿನಲ್ಲಿ ಬರುವುದಿಲ್ಲ. ಮನೆಯಿಂದ ಬಂದ ಪೋಷಕರ ದನಿಯನ್ನು ಒಳಗಿನಿಂದ ಹುಡುಕುವ ಟಿ.ಎ.ಯಂಥ ಪದ್ಧತಿಯಲ್ಲಂತೂ ಇದು ಇನ್ನೂ ಮುಖ್ಯ.

ಹಾಗೆಂದು ಎಲ್ಲ ತೊಂದರೆಗೂ ಎಲ್ಲ ಚಿಕಿತ್ಸೆಯೂ ಸಮ ಎಂದು ತಿಳಿಯಬಾರದು. ಗೀಳು ರೋಗದಲ್ಲಿ ಕೈ ತೊಳೆಯಬೇಕೆಂಬ ಒತ್ತಡ ಬಂದಾಗ ತೊಳೆಯದೆ ಇರುವುದನ್ನು ಅಭ್ಯಾಸ ಮಾಡಿಸುವ ವರ್ತನಾ ಚಿಕಿತ್ಸೆಗೆ ಇರುವ ಪುರಾವೆ ಟಿ.ಎ.ಗೆ ಇಲ್ಲ; ಅಲ್ಲಿ ಟಿ.ಎ.ಯನ್ನು ಮೊದಲ ಆಯ್ಕೆಯಾಗಿ ಹಿಡಿಯುವುದು ಸರಿಯಲ್ಲ. ದಿಢೀರನೆ ಎದೆ ಹೊಡೆದುಕೊಂಡು ಸಾಯುತ್ತೇನೆ ಎನಿಸುವ ಪ್ಯಾನಿಕ್, ನಿರ್ದಿಷ್ಟ ಭಯಗಳು, ಅಪಘಾತ ಅಥವಾ ದೌರ್ಜನ್ಯದ ನಂತರ ಉಳಿಯುವ ಆಘಾತ ಇವುಗಳಿಗೂ ಅದೇ ಮಾತು. ಇಲ್ಲದ ದನಿ ಕೇಳಿಸುವುದು, ನಿದ್ದೆಯೇ ಇಲ್ಲದೆ ದಿನಗಟ್ಟಲೆ ಉಕ್ಕಿ ಹರಿಯುವ ಉತ್ಸಾಹ, ಊಟ ನಿದ್ದೆ ಬಿಟ್ಟ ತೀವ್ರ ಖಿನ್ನತೆ ಇದ್ದಾಗ ಮೊದಲು ಮನೋವೈದ್ಯರನ್ನು ಕಾಣಬೇಕು, ಔಷಧಿಯ ಮಾತು ಮೊದಲು ಮುಗಿಯಬೇಕು. ಹೊಸೂರು ರಸ್ತೆಯ ನಿಮ್ಹಾನ್ಸ್ ಹೊರರೋಗಿ ವಿಭಾಗದಲ್ಲಿ ಇದಕ್ಕೆ ಹಣವಂತರೇ ಆಗಬೇಕಿಲ್ಲ. ಆಸ್ಪತ್ರೆಯ ವಾತಾವರಣಕ್ಕೆ ಅಂಜುವವರಿಗಾಗಿ ಅದೇ ಸಂಸ್ಥೆ ಬಿ.ಟಿ.ಎಂ. ಲೇಔಟ್‌ನಲ್ಲಿ ಕ್ಷೇಮ ಕೇಂದ್ರ ನಡೆಸುತ್ತದೆ. ಸಾಯುವ ಆಲೋಚನೆ ಬರುತ್ತಿದ್ದರೆ ಯಾವ ಪದ್ಧತಿ ಎಂಬ ಹೋಲಿಕೆಯನ್ನು ಬದಿಗಿಟ್ಟು 14416ಕ್ಕೆ ಕರೆ ಮಾಡಬೇಕು. ಇದು 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಟೆಲಿ ಮಾನಸ್ ಸೇವೆ, ಕನ್ನಡದಲ್ಲಿಯೂ ಸಿಗುತ್ತದೆ.

ಟಿ.ಎ. ಮುಂದೆ ಬರುವುದು ಎಲ್ಲಿ? ಒಂದೇ ಬಗೆಯ ಜಗಳ, ಒಂದೇ ಬಗೆಯ ಬಾಸ್, ಒಂದೇ ಬಗೆಯ ಸೋಲು ಮತ್ತೆ ಮತ್ತೆ ಬಾಗಿಲು ತಟ್ಟುವ ಬದುಕುಗಳಲ್ಲಿ. ವಾರವಾರ ಹಾಳೆ ತುಂಬಿಸಿಕೊಳ್ಳುವ ಸಿ.ಬಿ.ಟಿ.ಯ ಮನೆಗೆಲಸ ಕೆಲವರಿಗೆ ಹಿಡಿಸುವುದಿಲ್ಲ, ಅವರಿಗೆ ಟಿ.ಎ.ಯ ಚಿತ್ರಗಳು ಬೇಗ ಹತ್ತಿರವಾಗುತ್ತವೆ. ಗುಂಪಿನಲ್ಲಿ ಕೂತು ಚಿಕಿತ್ಸೆ ಪಡೆಯುವುದು ಟಿ.ಎ.ಯಲ್ಲಿ ಬರ್ನ್ ಕಾಲದಿಂದಲೂ ಇದೆ. ಲಂಡನ್ನಿನ ಸಮುದಾಯ ಕ್ಲಿನಿಕ್‌ಗಳಲ್ಲಿ ಒಬ್ಬೊಬ್ಬರಾಗಿ ಪಡೆದವರನ್ನೂ ಗುಂಪಿನಲ್ಲಿ ಪಡೆದವರನ್ನೂ ಗಮನಿಸಿದಾಗ ಖಿನ್ನತೆ, ಆತಂಕಗಳು ಎರಡೂ ಕಡೆ ಇಳಿದದ್ದು ಕಂಡಿದೆ. ಗುಂಪಿನ ಶುಲ್ಕ ಕಡಿಮೆ. ಆದರೆ ನಮ್ಮ ಊರಿನಲ್ಲಿ ಪರಿಚಯದವರೇ ಎದುರು ಕುರ್ಚಿಯಲ್ಲಿ ಸಿಕ್ಕಿಬಿಡುವ ಭಯವೂ ಇದೆ. ಅದನ್ನು ಮೊದಲೇ ಕೇಳಿ ಇತ್ಯರ್ಥ ಮಾಡಿಕೊಳ್ಳುವುದರಲ್ಲಿ ಸಂಕೋಚ ಬೇಡ.

ಮನೆಯಲ್ಲೇ ಅಳೆದುಕೊಳ್ಳುವ ಬಗೆ

ಟಿ.ಎ.ಯ ಒಂದು ಒಳ್ಳೆಯ ರೂಢಿಯೆಂದರೆ ಒಪ್ಪಂದ. ಮೊದಲ ಕೆಲವು ಭೇಟಿಗಳಲ್ಲಿಯೇ, ಏನು ಬದಲಾಗಬೇಕು, ಬದಲಾಯಿತೆಂದು ಹೇಗೆ ಗೊತ್ತಾಗುತ್ತದೆ ಎಂಬುದನ್ನು ಇಬ್ಬರೂ ಸೇರಿ ಸರಳ ಮಾತಿನಲ್ಲಿ ಗೊತ್ತು ಮಾಡಿಕೊಳ್ಳಬೇಕು. "ಆತ್ಮವಿಶ್ವಾಸ ಬೆಳೆಯಬೇಕು" ಎಂಬುದು ಒಪ್ಪಂದವಲ್ಲ. "ಮೀಟಿಂಗಿನಲ್ಲಿ ನನ್ನ ಅಭಿಪ್ರಾಯವನ್ನು ಒಮ್ಮೆಯಾದರೂ ಹೇಳುತ್ತೇನೆ, ಮನೆಗೆ ಬಂದು ಅದಕ್ಕಾಗಿ ನನ್ನನ್ನು ನಾನೇ ಬೈದುಕೊಳ್ಳುವುದಿಲ್ಲ" ಎಂಬುದು ಒಪ್ಪಂದ. ಅದರ ಜೊತೆಗೆ ಪಿ.ಎಚ್.ಕ್ಯೂ.-9 ಎಂಬ ಪ್ರಶ್ನಾವಳಿಯನ್ನು ಇಟ್ಟುಕೊಳ್ಳಬಹುದು. ಕಳೆದ ಎರಡು ವಾರಗಳಲ್ಲಿ ಆಸಕ್ತಿ ಇಲ್ಲದಿರುವುದು, ನಿದ್ದೆ, ಹಸಿವು, ಸುಸ್ತು ಮುಂತಾದ ಒಂಬತ್ತು ಪ್ರಶ್ನೆಗಳಿಗೆ ಸೊನ್ನೆಯಿಂದ ಮೂರರವರೆಗೆ ಅಂಕ ಕೊಟ್ಟು ಕೂಡಿಸಿದರೆ ಒಟ್ಟು 0ರಿಂದ 27ರ ನಡುವೆ ಬರುತ್ತದೆ. ಹತ್ತು ಅಥವಾ ಹೆಚ್ಚು ಬಂದರೆ ಖಿನ್ನತೆಯ ಅನುಮಾನಕ್ಕೆ ಆಧಾರವಿದೆ, ಐದು ಅಂಕ ಇಳಿದರೆ ನಿಜವಾದ ಸುಧಾರಣೆಯೆಂದು ಲೆಕ್ಕ. ಒಂಬತ್ತನೆಯ ಪ್ರಶ್ನೆ ಸಾವಿನ ಆಲೋಚನೆಯದು. ಅದಕ್ಕೆ ಸೊನ್ನೆ ಬಿಟ್ಟು ಬೇರೆ ಏನೇ ಬಂದರೂ ಮುಂದಿನ ಭೇಟಿಯವರೆಗೆ ಕಾಯದೆ ಹೇಳಬೇಕು. ಎಂಟು ವಾರ ಕಳೆದರೂ ಅಂಕ ಅಲುಗಾಡದೆ, ಒಪ್ಪಂದವೂ ಇದ್ದಲ್ಲೇ ಇದ್ದರೆ, ಆ ವಿಷಯವನ್ನು ಮುಂದಿಟ್ಟು ಮಾತನಾಡಬೇಕು. ಅಂಥ ಮಾತನ್ನು "ಇದು ನಿಮ್ಮೊಳಗಿನ ಬಂಡಾಯದ ಮಗು ಮಾತನಾಡುತ್ತಿದೆ" ಎಂದು ತಳ್ಳಿಹಾಕುವ ಚಿಕಿತ್ಸಕರಿದ್ದರೆ ಬೇರೆಯವರನ್ನು ಹುಡುಕುವುದು ಲೇಸು. ಸಿದ್ಧಾಂತದ ಭಾಷೆಯನ್ನು ರೋಗಿಯ ಬಾಯಿ ಮುಚ್ಚಿಸಲು ಬಳಸುವುದು ಟಿ.ಎ.ಗೆ ತಗುಲಿದ ಹಳೆಯ ಕಾಯಿಲೆ.

ಕಂಪನಿಗೆ ತರಬೇತಿ: ಪುರಾವೆ ಇಲ್ಲಿ ತೆಳು

ಕಚೇರಿಯ ಕಾರ್ಯಾಗಾರಕ್ಕೆ ಬಂದರೆ ನೆಲ ಇಷ್ಟು ಗಟ್ಟಿಯಿಲ್ಲ. ಡೊನಾಲ್ಡ್ ಕರ್ಕ್‌ಪ್ಯಾಟ್ರಿಕ್ 1959ರಲ್ಲಿ ತರಬೇತಿಯ ಫಲವನ್ನು ನಾಲ್ಕು ಮಟ್ಟದಲ್ಲಿ ನೋಡಬೇಕೆಂದರು: ಜನರಿಗೆ ಇಷ್ಟವಾಯಿತೇ, ಕಲಿತರೇ, ಕೆಲಸದಲ್ಲಿ ನಡೆದುಕೊಳ್ಳುವ ರೀತಿ ಬದಲಾಯಿತೇ, ಸಂಸ್ಥೆಗೆ ಅದರಿಂದ ಏನಾದರೂ ಆಯಿತೇ. ಟಿ.ಎ. ತರಬೇತಿಯ ಅಧ್ಯಯನಗಳಲ್ಲಿ ಹೆಚ್ಚಿನವು ಮೊದಲೆರಡು ಮಟ್ಟದಲ್ಲೇ ನಿಲ್ಲುತ್ತವೆ. ಭಾಗವಹಿಸಿದವರು ಖುಷಿಯಿಂದ ಹೊರಬರುತ್ತಾರೆ, ಪ್ರಶ್ನಾವಳಿಯಲ್ಲಿ ತಮ್ಮ ವಯಸ್ಕ ಸ್ಥಿತಿಗೆ ಹೆಚ್ಚು ಅಂಕ ಕೊಟ್ಟುಕೊಳ್ಳುತ್ತಾರೆ. ಈಗಷ್ಟೇ ವಯಸ್ಕ ಸ್ಥಿತಿ ಒಳ್ಳೆಯದೆಂದು ಎರಡು ದಿನ ಕೇಳಿ ಬಂದವರು ಹಾಗೆ ಕೊಟ್ಟುಕೊಳ್ಳುವುದರಲ್ಲಿ ಆಶ್ಚರ್ಯವೇನು?

ಇದಕ್ಕೆ ಪರ್ಯಾಯವಾಗಿ ನಿಲ್ಲುವುದು ನಡವಳಿಕೆಯ ಮಾದರಿ ತೋರಿಸಿ ಅಭ್ಯಾಸ ಮಾಡಿಸುವ ತರಬೇತಿ. ಕೆಲಸ ಸರಿಯಿಲ್ಲವೆಂದು ಹೇಳುವುದು, ರಜೆ ನಿರಾಕರಿಸುವುದು, ಸಿಟ್ಟಿಗೆದ್ದ ಗ್ರಾಹಕರಿಗೆ ಉತ್ತರಿಸುವುದು ಹೀಗೆ ಒಂದೊಂದು ಸನ್ನಿವೇಶವನ್ನೂ ಮಾಡಿ ತೋರಿಸಿ, ಮಾಡಿಸಿ, ತಿದ್ದುವುದು ಅದರ ಕ್ರಮ. ಇದರ ಮೇಲೆ ನಡೆದ 117 ಅಧ್ಯಯನಗಳನ್ನು 2005ರಲ್ಲಿ ಒಟ್ಟುಗೂಡಿಸಿದಾಗ, ಕಲಿಕೆಯ ಮೇಲೆ ಪರಿಣಾಮ ದೊಡ್ಡದು, ಕೆಲಸದ ನಡವಳಿಕೆಯ ಮೇಲೆ ಅದಕ್ಕಿಂತ ಕಡಿಮೆ, ಸಂಸ್ಥೆಯ ಫಲಿತಾಂಶದ ಮೇಲೆ ಇನ್ನೂ ಕಡಿಮೆ ಎಂದು ಕಂಡಿತು. ಸರಿಯಾದ ಮಾದರಿಯ ಜೊತೆ ತಪ್ಪು ಮಾದರಿಯನ್ನೂ ತೋರಿಸಿದಾಗ, ತರಬೇತಿ ಪಡೆದವರ ಮೇಲಧಿಕಾರಿಗಳಿಗೂ ಅದೇ ತರಬೇತಿ ಕೊಟ್ಟಾಗ ಕಲಿತದ್ದು ಕೆಲಸಕ್ಕೆ ಹೆಚ್ಚು ಇಳಿಯಿತು. ಬಜೆಟ್ ಒಂದೇ ಕಾರ್ಯಾಗಾರಕ್ಕೆ ಸಾಕಾಗುವಷ್ಟಿದ್ದು, ಗುರಿ ನಿರ್ದಿಷ್ಟ ನಡವಳಿಕೆಯ ಬದಲಾವಣೆಯೇ ಆಗಿದ್ದರೆ, ಪುರಾವೆ ಇರುವುದು ಈ ಕಡೆ. ಟಿ.ಎ.ಯನ್ನೇ ಆರಿಸಿದರೆ ಅದನ್ನು ಈ ಅಭ್ಯಾಸದೊಳಗೆ ಹೆಣೆಯಲು ತರಬೇತುದಾರರನ್ನು ಕೇಳಬೇಕು: ಅಡ್ಡ ಹಾಯ್ದ ಮಾತುಕತೆಯ ಚಿತ್ರ ಬರೆದ ಮೇಲೆ, ಅದೇ ಮಾತುಕತೆಯನ್ನು ತಂಡದ ಇಬ್ಬರು ಎದ್ದು ನಿಂತು ಮತ್ತೊಮ್ಮೆ ಆಡಿ ತೋರಿಸಬೇಕು. ಮ್ಯಾನೇಜರುಗಳು ಹೊರಗೆ ಕಾಫಿ ಕುಡಿಯುತ್ತ ತಮ್ಮ ತಂಡದವರನ್ನು ಮಾತ್ರ ಒಳಗೆ ಕಳಿಸುವ ವ್ಯವಸ್ಥೆಗೆ ಹಣ ಕೊಡಬೇಡಿ.

ಕಂಪನಿಯವರು ಗಮನಿಸಲೇಬೇಕಾದ ಇನ್ನೊಂದು ವಿಷಯವಿದೆ. ತರಬೇತುದಾರರು, ಹಣ ಕೊಡುವ ಸಂಸ್ಥೆ, ಕೂತು ಕೇಳುವ ನೌಕರರು ಎಂಬ ಮೂರು ಕೋನದ ಒಪ್ಪಂದವನ್ನು ಫ್ಯಾನಿಟಾ ಇಂಗ್ಲಿಷ್ 1975ರಲ್ಲಿಯೇ ವಿವರಿಸಿದ್ದಾರೆ. ಎಚ್.ಆರ್. ಮತ್ತು ತರಬೇತುದಾರರ ನಡುವೆ "ಆ ಇಬ್ಬರನ್ನು ಸ್ವಲ್ಪ ಸರಿ ಮಾಡಿ" ಎಂಬ ಗುಟ್ಟಿನ ಮಾತಾಗಿದ್ದರೆ ನೌಕರರಿಗೆ ಅದು ವಾಸನೆ ಬಡಿಯದೆ ಇರುವುದಿಲ್ಲ. ತರಬೇತಿಯಲ್ಲಿ ಬಾಲ್ಯದ ಕಥೆ ಬಿಚ್ಚಿಟ್ಟವರ ಮಾತು ಅಪ್ರೈಸಲ್‌ವರೆಗೆ ಹೋಗುವುದಿಲ್ಲ ಎಂಬುದನ್ನು ಬರವಣಿಗೆಯಲ್ಲಿ ಕೊಡದ ಕಾರ್ಯಾಗಾರವನ್ನು ಒಪ್ಪಿಕೊಳ್ಳದಿರುವುದು ಉತ್ತಮ.

ಕಲಿಯಲು ಹೊರಟವರಿಗೆ

ಟಿ.ಎ. 101 ಎಂಬ ಪರಿಚಯ ತರಗತಿ ಪ್ರಪಂಚದಲ್ಲೆಲ್ಲ ಒಂದೇ ಪಠ್ಯಕ್ರಮದ್ದು, ಕನಿಷ್ಠ ಹನ್ನೆರಡು ಗಂಟೆ, ಸಾಮಾನ್ಯವಾಗಿ ಎರಡು ದಿನ. ತನ್ನನ್ನು ತಾನು ಅರ್ಥ ಮಾಡಿಕೊಳ್ಳುವ ಕುತೂಹಲಕ್ಕೆ, ಈ ಕ್ಷೇತ್ರ ತನಗೆ ಹೊಂದುತ್ತದೆಯೇ ಎಂದು ನೋಡುವುದಕ್ಕೆ ಅದು ಚೆನ್ನಾಗಿದೆ. ಆ ಪ್ರಮಾಣಪತ್ರ ಹಾಜರಾತಿಯದು, ಚಿಕಿತ್ಸೆ ನೀಡುವ ಅರ್ಹತೆಯದಲ್ಲ. ಅದನ್ನು ಗೋಡೆಗೆ ತೂಗುಹಾಕಿ ಶುಲ್ಕ ಪಡೆಯುವವರು ನಗರದಲ್ಲಿದ್ದಾರೆ. ಅಂಥವರ ಬಳಿ ಹೋಗುವ ಮುನ್ನ ಮುಂದಿನ ಮೆಟ್ಟಿಲಿನ ಬಗ್ಗೆ ಕೇಳಿ. ಪ್ರಮಾಣಿತ ಟಿ.ಎ. ವಿಶ್ಲೇಷಕರಾಗುವ ದಾರಿ ಬಹಳ ಉದ್ದ: ಒಟ್ಟು 2,000 ಗಂಟೆಗಳು, ಅದರಲ್ಲಿ 750 ಗಂಟೆ ಜನರೊಡನೆ ನೇರ ಕೆಲಸ, 600 ಗಂಟೆ ತರಬೇತಿ, 150 ಗಂಟೆ ತಮ್ಮ ಕೆಲಸವನ್ನು ಹಿರಿಯರ ಮುಂದಿಟ್ಟು ಪಡೆಯುವ ಮೇಲ್ವಿಚಾರಣೆ. ಬಳಿಕ ಬರವಣಿಗೆಯ ಪರೀಕ್ಷೆ, ಕೊನೆಗೆ ತಾವು ಮಾಡಿದ ಕೆಲಸದ ಧ್ವನಿಮುದ್ರಣವನ್ನು ಪರೀಕ್ಷಕರ ಮುಂದೆ ಕೇಳಿಸಿ ಉತ್ತರ ಕೊಡಬೇಕಾದ ಮೌಖಿಕ ಪರೀಕ್ಷೆ.

ಈ ಕೊನೆಯ ಅಂಶಕ್ಕೆ ಸಂಶೋಧನೆಯ ದೃಷ್ಟಿಯಲ್ಲಿ ಬೆಲೆ ಹೆಚ್ಚು. 170 ಚಿಕಿತ್ಸಕರ ಆರು ಸಾವಿರಕ್ಕೂ ಹೆಚ್ಚು ರೋಗಿಗಳ ಫಲಿತಾಂಶವನ್ನು ವರ್ಷಗಟ್ಟಲೆ ಗಮನಿಸಿದ 2016ರ ಅಧ್ಯಯನದಲ್ಲಿ, ಅನುಭವ ಹೆಚ್ಚಿದಂತೆ ಚಿಕಿತ್ಸಕರ ಸರಾಸರಿ ಫಲಿತಾಂಶ ಏರಲಿಲ್ಲ, ತುಸು ಇಳಿಯಿತು. ವರ್ಷ ಕಳೆದ ಮಾತ್ರಕ್ಕೆ ಯಾರೂ ಪಳಗುವುದಿಲ್ಲ. ಮಾಡಿದ್ದನ್ನು ಇನ್ನೊಬ್ಬರಿಗೆ ಕೇಳಿಸಿ, ತಪ್ಪನ್ನು ಎತ್ತಿ ತೋರಿಸಿಕೊಂಡರೆ ಪಳಗುವ ಅವಕಾಶವಿದೆ. ಆದ್ದರಿಂದ ನಗರದ ವಾರಾಂತ್ಯದ ಸಮಾಲೋಚನಾ ಡಿಪ್ಲೊಮಾಗಳನ್ನೂ ಉದ್ದನೆಯ ಟಿ.ಎ. ತರಬೇತಿಯನ್ನೂ ಹೋಲಿಸುವಾಗ, ಎಷ್ಟು ವಿಷಯ ಕಲಿಸುತ್ತಾರೆ ಎನ್ನುವುದಕ್ಕಿಂತ, ನಿಮ್ಮ ಸೆಷನ್ ಧ್ವನಿಮುದ್ರಣವನ್ನು ರೋಗಿಯ ಒಪ್ಪಿಗೆ ಪಡೆದು ಯಾರು, ಎಷ್ಟು ಗಂಟೆ ಕೇಳುತ್ತಾರೆ ಎಂದು ವಿಚಾರಿಸಿ. ಈ ಅಳತೆಯಲ್ಲಿ ಟಿ.ಎ.ಯ ಉದ್ದನೆಯ ದಾರಿ ಅನೇಕ ಡಿಪ್ಲೊಮಾಗಳಿಗಿಂತ ಮೇಲಿದೆ ಎಂಬುದು ನನ್ನ ಅಭಿಪ್ರಾಯ. ಆದರೆ ಆಸ್ಪತ್ರೆಗಳಲ್ಲಿ ಚಿಕಿತ್ಸಾ ಮನೋವಿಜ್ಞಾನಿಯಾಗಿ ಕೆಲಸ ಮಾಡಬೇಕೆಂಬ ಗುರಿಯಿದ್ದರೆ ಅದು ಸಾಲದು. ಆ ಹೆಸರಿಗೆ ಭಾರತೀಯ ಪುನರ್ವಸತಿ ಪರಿಷತ್ತು ಮಾನ್ಯ ಮಾಡಿದ ಪದವಿ ಮತ್ತು ನೋಂದಣಿ ಬೇಕು, ಟಿ.ಎ. ಪ್ರಮಾಣಪತ್ರ ಅದರ ಜಾಗ ತುಂಬುವುದಿಲ್ಲ. ಮೊದಲು ಪದವಿ, ಆಮೇಲೆ ಅದರ ಮೇಲೆ ಟಿ.ಎ. ಎಂಬ ಕ್ರಮ ಹಿಡಿದರೆ ವರ್ಷಗಳು ಹೆಚ್ಚು ಹಿಡಿಯುತ್ತವೆ. ತಿರುಗಿಸಿ ಮಾಡಿದರೆ ನಡುವೆ ಎಲ್ಲಿಯೋ ಅರ್ಹತೆಯ ಪ್ರಶ್ನೆ ಎದುರಾಗಿ ಮತ್ತೆ ಎಂ.ಎ. ಪ್ರವೇಶದ ಸಾಲಿಗೆ ಬಂದು ನಿಲ್ಲಬೇಕಾಗುತ್ತದೆ. ತರಬೇತಿಯ ಅವಧಿಯಲ್ಲಿ ತಾವೂ ಚಿಕಿತ್ಸೆ ಪಡೆಯಬೇಕೆಂದು ಅನೇಕ ಟಿ.ಎ. ಗುರುಗಳು ಹೇಳುತ್ತಾರೆ; ಅದರ ಶುಲ್ಕವನ್ನು ಕೋರ್ಸ್ ಶುಲ್ಕದಿಂದ ಬೇರೆಯಾಗಿ ಲೆಕ್ಕ ಹಾಕಿಕೊಳ್ಳಿ, ಮತ್ತು ಪಾಠ ಹೇಳುವವರೇ ಚಿಕಿತ್ಸಕರೂ ಆಗದಂತೆ ನೋಡಿಕೊಳ್ಳಿ.